ಔಷಧದಾನದ ಲೆಕ್ಕದಲ್ಲಿ ಜೀವಕೋಶದ ಸಾಕ್ಷಿ

(ಲೋಣಾವಳಾದಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ದಾನ ಮತ್ತು ಲೆಕ್ಕ’. ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಕರೆದರೆ ಅವನು ತೆರಿಗೆ ವಿನಾಯಿತಿಯ ಬಗ್ಗೆ ಮಾತನಾಡುವನೆಂದು ನಿರೀಕ್ಷಿಸುವುದು ಸಹಜ. ಅದನ್ನು ತಿಳಿಸಲು ನಿಮ್ಮ ನಿಮ್ಮ ಊರುಗಳಲ್ಲಿ ನನಗಿಂತ ಬಲ್ಲವರಿದ್ದಾರೆ. ಕಾಗದದ ಮೇಲೆ ಬರೆದ ಮಾತಿಗೆ ಸಾಕ್ಷಿ ಇದೆಯೇ ಎಂದು ನೋಡುವುದು ನನ್ನ ವೃತ್ತಿ. ಆ ದೃಷ್ಟಿಯಿಂದ, ನಮ್ಮ ಸಮಾಜದ ಧರ್ಮಾರ್ಥ ಆಸ್ಪತ್ರೆಗಳ ಖರೀದಿ ಕಡತಗಳಲ್ಲಿ ಕಾಣಸಿಗುವ, ಆದರೆ ಯಾರೂ ಓದದ ಒಂದು ಕಾಗದದ ಬಗ್ಗೆ ಮಾತನಾಡಲು ಅನುಮತಿ ಕೋರುತ್ತೇನೆ. ಅದು ಜೀವಕೋಶ ವಿಷಪರೀಕ್ಷೆಯ ವರದಿ.

ಶ್ರಾವಕನಿಗೆ ವಿಧಿಸಿದ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ಔಷಧದಾನವೆಂದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಕಷಾಯ, ಚೂರ್ಣ, ಲೇಹ್ಯ. ಇಂದು ನಮ್ಮ ಟ್ರಸ್ಟೊಂದು ಆಸ್ಪತ್ರೆ ನಡೆಸಿದರೆ, ಕಣ್ಣಿನ ಶಿಬಿರ ಮಾಡಿದರೆ, ಡಯಾಲಿಸಿಸ್ ಕೇಂದ್ರ ತೆರೆದರೆ, ಖರ್ಚಿನ ದೊಡ್ಡ ಭಾಗ ಸಾಮಗ್ರಿಗೆ ಹೋಗುತ್ತದೆ. ಸಲೈನ್ ಕೊಳವೆ, ಕ್ಯಾನ್ಯುಲಾ, ಮೂತ್ರದ ಕ್ಯಾಥೆಟರ್, ರಕ್ತದ ಚೀಲ, ಹೊಲಿಗೆಯ ದಾರ, ಕೈಗವಸು, ಕಣ್ಣಿನೊಳಗೆ ಕೂರಿಸುವ ಮಸೂರ, ಹೃದಯದ ಸ್ಟೆಂಟ್. ನುಂಗಿದ ಮಾತ್ರೆ ಕೆಲವು ಗಂಟೆಗಳಲ್ಲಿ ಕರಗಿ ಹೊರಹೋಗುತ್ತದೆ. ಕ್ಯಾನ್ಯುಲಾ ನರದೊಳಗೆ ದಿನಗಟ್ಟಲೆ ಇರುತ್ತದೆ, ಕಣ್ಣಿನ ಮಸೂರ ಸಾಯುವತನಕ ಇರುತ್ತದೆ. ಬಡರೋಗಿ ಅದನ್ನು ಆರಿಸಿಕೊಳ್ಳುವುದಿಲ್ಲ. ಅವನ ಪರವಾಗಿ ಆರಿಸುವವರು ನಾವು.

ಈ ವಸ್ತುಗಳಲ್ಲಿ ದೋಷವೇನಿರಲು ಸಾಧ್ಯ? ಪಿವಿಸಿ ಎಂಬ ಪ್ಲಾಸ್ಟಿಕ್ ಸ್ವಭಾವತಃ ಗಡುಸು. ಮನೆಯ ನೀರಿನ ಪೈಪು ಅದರದ್ದೇ. ಅದನ್ನು ರಕ್ತದ ಚೀಲದಂತೆ ಮೆತ್ತಗಾಗಿಸಲು ಡಿಇಎಚ್‌ಪಿಯಂಥ ಎಣ್ಣೆಯಂಥ ರಾಸಾಯನಿಕವನ್ನು ಬೆರೆಸುತ್ತಾರೆ. ಚೀಲದ ತೂಕದ ಮೂರನೆಯ ಒಂದು ಭಾಗದಷ್ಟು ಅದೇ ಇರುವುದುಂಟು. ಅದು ಪ್ಲಾಸ್ಟಿಕ್ಕಿಗೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ, ಮೆಲ್ಲನೆ ರಕ್ತಕ್ಕೆ ಇಳಿಯುತ್ತದೆ. ರಬ್ಬರಿನ ಕೈಗವಸನ್ನು ಹದಗೊಳಿಸಲು ಗಂಧಕದ ಜೊತೆ ಸೇರಿಸುವ ವೇಗವರ್ಧಕಗಳು ಸರಿಯಾಗಿ ತೊಳೆಯದಿದ್ದರೆ ಉಳಿದುಬಿಡುತ್ತವೆ. ಬಹಳಷ್ಟು ಸಾಧನಗಳನ್ನು ಎಥಿಲೀನ್ ಆಕ್ಸೈಡ್ ಎಂಬ ಅನಿಲದಿಂದ ಕ್ರಿಮಿಶುದ್ಧ ಮಾಡುತ್ತಾರೆ. ಸೂಕ್ಷ್ಮಜೀವಿಯನ್ನು ಕೊಲ್ಲುವ ಆ ಗುಣವೇ ನಮ್ಮ ಜೀವಕೋಶಕ್ಕೂ ಮಾರಕ. ಗಾಳಿಯಾಡಿಸಿ ಅನಿಲವನ್ನು ಪೂರ್ತಿ ಹೊರಹಾಕದೆ ಪೊಟ್ಟಣ ಕಳಿಸಿದರೆ ಶುದ್ಧೀಕರಣವೇ ವಿಷವಾಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ಒಳ್ಳೆಯ ಕ್ಯಾಥೆಟರೂ ಕೆಟ್ಟದ್ದೂ ಮೇಜಿನ ಮೇಲೆ ಒಂದೇ ತರಹ ಇರುತ್ತವೆ.

ಹಾಗಿದ್ದರೆ ತಿಳಿಯುವುದು ಹೇಗೆ? ಮೊದಲು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತಿಳಿಯುತ್ತಿದ್ದರು. ವಸ್ತುವಿನ ತುಂಡನ್ನು ಮೊಲದ ಸ್ನಾಯುವಿನಲ್ಲಿ ಹುದುಗಿಸುವುದು, ವಸ್ತುವನ್ನು ನೆನೆಸಿದ ದ್ರವವನ್ನು ಇಲಿಗೆ ಚುಚ್ಚುವುದು, ಚರ್ಮದ ಮೇಲೆ, ಕಣ್ಣಿನೊಳಗೆ ಹಾಕಿ ಕಾಯುವುದು. ಇಂಥ ಪ್ರಯೋಗಗಳು ಇಂದಿಗೂ ನಿಂತಿಲ್ಲ. ಆದರೆ ಈಗ ಅವುಗಳಿಗೆ ಮೊದಲು ಒಂದು ಬಾಗಿಲು ಇದೆ. ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ವಸ್ತುವನ್ನು ಪರೀಕ್ಷಿಸುವುದು. ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಮಾಲೆಯ ಐದನೆಯ ಭಾಗ ಈ ಪರೀಕ್ಷೆಗೆ ಮೀಸಲು. ಅದರ ಮೂರನೆಯ ಆವೃತ್ತಿ 2009ರಲ್ಲಿ ಬಂತು. ದೇಹಕ್ಕೆ ತಾಗುವ ಬಹುತೇಕ ಪ್ರತಿಯೊಂದು ಸಾಧನಕ್ಕೂ, ಒಂದು ಪಟ್ಟಿಯಿಂದ ಹಿಡಿದು ಹೃದಯದ ಕವಾಟದವರೆಗೆ, ಈ ಪರೀಕ್ಷೆಯನ್ನು ಪರಿಗಣಿಸಲೇಬೇಕು.

ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಮಕ್ಕಳು ಇದನ್ನು ಕಾಲೇಜಿನಲ್ಲಿ ಓದುತ್ತಿದ್ದಾರೆ, ನಾವೂ ಅರಿತಿರಬೇಕು. ಸಿದ್ಧವಾದ ಸಾಧನದಿಂದ ತುಂಡು ತೆಗೆದು, ಜೀವಕೋಶಗಳನ್ನು ಬೆಳೆಸುವ ಪೋಷಕ ದ್ರವದಲ್ಲಿ 37 ಡಿಗ್ರಿ ಶಾಖದಲ್ಲಿ, ಎಂದರೆ ನಮ್ಮ ಮೈಯ ಶಾಖದಲ್ಲಿ, ಒಂದು ದಿನ ನೆನೆಸುತ್ತಾರೆ. ಎಷ್ಟು ತುಂಡಿಗೆ ಎಷ್ಟು ದ್ರವ ಎಂಬುದಕ್ಕೂ ನಿಯಮವಿದೆ: ಅರ್ಧ ಮಿಲಿಮೀಟರಿಗಿಂತ ತೆಳುವಾದ ಹಾಳೆಯಾದರೆ ಪ್ರತಿ ಮಿಲಿಲೀಟರಿಗೆ 6 ಚದರ ಸೆಂಟಿಮೀಟರ್, ಅದಕ್ಕಿಂತ ದಪ್ಪಗಿದ್ದರೆ 3. ದೇಹದಲ್ಲಿ ಏನೇನು ಸೋರಬಹುದೋ ಅದು ಈ ದ್ರವಕ್ಕೆ ಸೋರಲಿ ಎಂಬುದು ಉದ್ದೇಶ.

ಇತ್ತ 96 ಸಣ್ಣ ಗುಳಿಗಳಿರುವ ಅಂಗೈಯಗಲದ ತಟ್ಟೆಯಲ್ಲಿ, ಗುಳಿಯೊಂದಕ್ಕೆ ಸುಮಾರು ಹತ್ತು ಸಾವಿರದಂತೆ ಜೀವಕೋಶಗಳನ್ನು ಬಿತ್ತಿ ಒಂದು ದಿನ ಬೆಳೆಯಲು ಬಿಟ್ಟಿರುತ್ತಾರೆ. ಅವು ತಳಕ್ಕೆ ಅಂಟಿ ಹರಡಿಕೊಂಡ ಮೇಲೆ ಹಳೆಯ ದ್ರವವನ್ನು ತೆಗೆದು, ಸಾಧನವನ್ನು ನೆನೆಸಿದ ದ್ರವವನ್ನು ಹಾಕಿ ಇನ್ನೊಂದು ದಿನ ಕಾಯುತ್ತಾರೆ. ಅನಂತರ ಎಂಟಿಟಿ ಎಂಬ ಹಳದಿ ಬಣ್ಣದ ಲವಣವನ್ನು ಸೇರಿಸುತ್ತಾರೆ. ಬದುಕಿರುವ ಜೀವಕೋಶ ತನ್ನ ಉಸಿರಾಟದ ಕಿಣ್ವಗಳಿಂದ ಆ ಹಳದಿಯನ್ನು ನೇರಳೆಯಾಗಿ ಮಾರ್ಪಡಿಸುತ್ತದೆ. ಸತ್ತದ್ದು ಮಾರ್ಪಡಿಸದು. ನೇರಳೆ ಎಷ್ಟು ಗಾಢವಾಗಿದೆ ಎಂದು ಉಪಕರಣದಿಂದ ಅಳೆದರೆ ಎಷ್ಟು ಜೀವಕೋಶಗಳು ಉಳಿದವೆಂಬ ಲೆಕ್ಕ ಸಿಗುತ್ತದೆ. ಏನೂ ತಾಗದ ಗುಳಿಗಳಿಗೆ ಹೋಲಿಸಿ ಉಳಿವು ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ಆ ವಸ್ತುವಿಗೆ ವಿಷಗುಣವಿದೆಯೆಂದು ಬರೆಯುತ್ತಾರೆ. ಈ ಎಂಟಿಟಿ ವಿಧಾನ ಪ್ರಕಟವಾದದ್ದು 1983ರಲ್ಲಿ.

ಲೆಕ್ಕಪರಿಶೋಧಕನಿಗೆ ಈ ಪರೀಕ್ಷೆಯಲ್ಲಿ ಮೆಚ್ಚುಗೆಯಾಗುವುದು ಅದರೊಳಗೇ ಇರುವ ತಾಳೆಯ ವ್ಯವಸ್ಥೆ. ಪ್ರತಿ ತಟ್ಟೆಯಲ್ಲಿ ಪರೀಕ್ಷೆಯ ವಸ್ತುವಿನ ಜೊತೆಗೆ ಇನ್ನೆರಡು ವಸ್ತುಗಳಿರಬೇಕು. ಒಂದು, ನಿರಪಾಯಕಾರಿಯೆಂದು ಮೊದಲೇ ಗೊತ್ತಿರುವ ಪಾಲಿಎಥಿಲೀನ್. ಇನ್ನೊಂದು, ಕೊಲ್ಲುತ್ತದೆಯೆಂದು ಮೊದಲೇ ಗೊತ್ತಿರುವ, ಉದ್ದೇಶಪೂರ್ವಕವಾಗಿ ವಿಷ ಬೆರೆಸಿದ ಪಾಲಿಯುರೆಥೇನ್. ಗೊತ್ತಿರುವ ವಿಷದ ಗುಳಿಯಲ್ಲಿ ಜೀವಕೋಶಗಳು ಸಾಯದಿದ್ದರೆ ಆ ದಿನದ ಇಡೀ ಪರೀಕ್ಷೆ ರದ್ದು, ಏಕೆಂದರೆ ಅಂದು ಪರೀಕ್ಷೆಗೆ ಕಣ್ಣೇ ಇರಲಿಲ್ಲ. ಮತ್ತೂ ಒಂದು ತಾಳೆಯಿದೆ. ದ್ರವವನ್ನು ಅರ್ಧಕ್ಕೆ ತೆಳುಮಾಡಿದಾಗ ಬದುಕುಳಿದವುಗಳ ಪ್ರಮಾಣ ಕನಿಷ್ಠ ಮೊದಲಿನಷ್ಟಾದರೂ ಇರಬೇಕು. ವಿಷ ಕಡಿಮೆಯಾಗಿ ಸಾವು ಹೆಚ್ಚಾದರೆ ಎಲ್ಲೋ ಲೋಪವಿದೆಯೆಂದು ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಈಗ ವರದಿಯನ್ನು ಓದುವ ಬಗೆ. ಧರ್ಮಾರ್ಥ ಆಸ್ಪತ್ರೆಯೊಂದರ ಕಡತ ನನ್ನ ಮುಂದೆ ಬಂದಿತ್ತು. ಊರು, ಹೆಸರು ಬೇಡ. ಕ್ಯಾಥೆಟರಿಗೆ ಮೂರು ಕೊಟೇಶನ್ ಬಂದಿದ್ದವು. ಅತಿ ಕಡಿಮೆ ದರದವನಿಗೆ ಆದೇಶ ಹೋಗಿತ್ತು. ‘ಜೈವಿಕ ಸುರಕ್ಷತಾ ವರದಿ ಲಗತ್ತಿಸಿದೆಯೇ’ ಎಂಬ ಪ್ರಶ್ನೆಯ ಮುಂದೆ ಖರೀದಿ ಸಮಿತಿ ‘ಹೌದು’ ಎಂದು ಬರೆದಿತ್ತು. ವರದಿ ಇದ್ದದ್ದು ನಿಜ. ಆದರೆ ಅದರಲ್ಲಿ ಪರೀಕ್ಷೆಗೆ ಒಳಗಾದದ್ದು ಕ್ಯಾಥೆಟರ್ ಆಗಿರಲಿಲ್ಲ, ಕ್ಯಾಥೆಟರ್ ತಯಾರಿಸುವ ಪ್ಲಾಸ್ಟಿಕ್ ಕಾಳುಗಳು. ಅವನ್ನು ಕರಗಿಸಿ, ಎಳೆದು, ಬಣ್ಣ ಸೇರಿಸಿ, ಅಂಟು ಹಚ್ಚಿ, ಅನಿಲದಲ್ಲಿ ಶುದ್ಧಮಾಡಿ ಪೊಟ್ಟಣಕ್ಕೆ ಹಾಕಿದ ಮೇಲೆ ಏನಾಯಿತೆಂದು ಆ ಕಾಗದಕ್ಕೆ ಗೊತ್ತಿಲ್ಲ. ಹೋಲಿಕೆಗೆ ಹೇಳುವುದಾದರೆ, ಮಗನ ಆಸ್ತಿಪತ್ರ ಕೇಳಿದಾಗ ತಂದೆಯ ಆಸ್ತಿಪತ್ರ ತಂದಂತೆ. ಟ್ರಸ್ಟಿಗಳು ಸಿದ್ಧ ಸಾಧನದ ವರದಿ ಕೇಳಿ ಪತ್ರ ಬರೆದರು. ಅದು ಬರಲಿಲ್ಲ. ಮುಂದಿನ ಆದೇಶ ಬೇರೆಯವರಿಗೆ ಹೋಯಿತು, ದರ ತುಸು ಹೆಚ್ಚಾಯಿತು. ಆ ಹೆಚ್ಚಳವನ್ನು ನಾನು ಔಷಧದಾನದ ಖಾತೆಗೇ ಸೇರಿಸುತ್ತೇನೆ.

ಆದ್ದರಿಂದ ವರದಿ ಕೈಗೆ ಬಂದಾಗ ನೋಡಬೇಕಾದದ್ದು ನಾಲ್ಕು ಸಂಗತಿ. ಪರೀಕ್ಷಿಸಿದ್ದು ಕ್ರಿಮಿಶುದ್ಧವಾದ ಸಿದ್ಧ ಸಾಧನವೇ, ಅದರ ಮಾದರಿ ಸಂಖ್ಯೆ ನೀವು ಕೊಳ್ಳುವುದಕ್ಕೆ ಹೊಂದುತ್ತದೆಯೇ? ಪರೀಕ್ಷೆಯ ದಿನಾಂಕ ಯಾವುದು, ಅನಂತರ ಕಂಪನಿ ಕಚ್ಚಾವಸ್ತುವನ್ನೋ ಕಾರ್ಖಾನೆಯನ್ನೋ ಬದಲಿಸಿದೆಯೇ? ಹೋಲಿಕೆಯ ಎರಡು ವಸ್ತುಗಳ ಫಲಿತಾಂಶ ಬರೆದಿದ್ದಾರೆಯೇ? ಪ್ರಯೋಗಾಲಯಕ್ಕೆ ಈ ನಿರ್ದಿಷ್ಟ ಪರೀಕ್ಷೆಗೆ ಮಾನ್ಯತೆ ಇದೆಯೇ? ಇದಕ್ಕೆ ವಿಜ್ಞಾನದ ಪದವಿ ಬೇಡ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೆಸರು, ತಾರೀಕು ನೋಡುವ ಎಚ್ಚರ ಸಾಕು.

ಆದರೆ ಈ ವರದಿಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಗೌರವವನ್ನೂ ಕೊಡಬಾರದು. ತಾಮ್ರದ ತಂತಿ ಸುತ್ತಿದ ಕಾಪರ್-ಟಿ ಎಂಬ ಗರ್ಭನಿರೋಧಕವನ್ನು ಜೀವಕೋಶಗಳ ಮೇಲಿಟ್ಟರೆ ಅವು ಸಾಯುತ್ತವೆ. ತಾಮ್ರದ ಕೆಲಸವೇ ಅದು. ಹಲ್ಲಿನ ವೈದ್ಯರು ಬಳಸುವ, ಲವಂಗದೆಣ್ಣೆಯ ಅಂಶವಿರುವ ಸಿಮೆಂಟು ಹಸಿಯಾಗಿದ್ದಾಗ ಜೀವಕೋಶಗಳಿಗೆ ಕಠಿಣ, ಗಟ್ಟಿಯಾದ ಮೇಲೆ ಸೌಮ್ಯ. ಎಂದರೆ, ಪರೀಕ್ಷೆಯಲ್ಲಿ ಸೋತ ಮಾತ್ರಕ್ಕೆ ವಸ್ತು ತ್ಯಾಜ್ಯವಲ್ಲ. ಅದೇ ಪ್ರಕಾರ ಗೆದ್ದ ಮಾತ್ರಕ್ಕೆ ಪೂಜ್ಯವೂ ಅಲ್ಲ. ಒಂದು ದಿನದಲ್ಲಿ ಕೊಲ್ಲದ ರಾಸಾಯನಿಕ ಹತ್ತು ವರ್ಷದಲ್ಲಿ ಹಾರ್ಮೋನನ್ನು ಕೆಡಿಸಬಹುದು. ಡಿಇಎಚ್‌ಪಿಯ ಬಗ್ಗೆ ಜಗತ್ತಿನ ಆತಂಕ ಈ ಬಗೆಯದು. ಲೆಕ್ಕಪರಿಶೋಧನಾ ವರದಿಯಲ್ಲಿ ಷರಾ ಇದ್ದರೆ ಆ ಸಂಸ್ಥೆ ಕಳ್ಳತನ ಮಾಡಿದೆಯೆಂದು ಅರ್ಥವಲ್ಲ, ಷರಾ ಇಲ್ಲದಿದ್ದರೆ ಅದು ಎಂದೆಂದಿಗೂ ಮುಳುಗದೆಂದೂ ಅರ್ಥವಲ್ಲ. ಷರಾದ ಮೇಲೆ ವಿವರಣೆ ಕೇಳಬೇಕು. ಇಲ್ಲಿಯೂ ಅಷ್ಟೆ.

ಇನ್ನು ನಮ್ಮ ಧರ್ಮಕ್ಕೆ ನೇರವಾಗಿ ತಾಗುವ ಭಾಗಕ್ಕೆ ಬರುತ್ತೇನೆ. ಆ ತಟ್ಟೆಯ ಜೀವಕೋಶಗಳು ಎಲ್ಲಿಂದ ಬಂದವು?

ಅತಿ ಹೆಚ್ಚು ಬಳಕೆಯಲ್ಲಿರುವ ಜೀವಕೋಶ ಸಂತತಿಗೆ ಎಲ್-929 ಎಂದು ಹೆಸರು. 1940ರಲ್ಲಿ ಅಮೆರಿಕದ ವಿಲ್ಟನ್ ಅರ್ಲ್ ಎಂಬ ವಿಜ್ಞಾನಿ ನೂರು ದಿನದ ಒಂದು ಗಂಡು ಇಲಿಯ ಚರ್ಮದ ಕೆಳಗಿನ ಅಂಗಾಂಶದಿಂದ ಮೂಲ ಸಂತತಿಯನ್ನು ಆರಂಭಿಸಿದ. ಆ ಸಂತತಿಯಿಂದ ಒಂದೇ ಒಂದು ಜೀವಕೋಶವನ್ನು ಬೇರ್ಪಡಿಸಿ ಬೆಳೆಸಿದ್ದೇ ಎಲ್-929. ಅದರ ವರದಿ 1948ರಲ್ಲಿ ಬಂತು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅದು ವಿಭಜನೆಗೊಳ್ಳುತ್ತ, ಹಂಚಿಹೋಗುತ್ತ, ಶೈತ್ಯದಲ್ಲಿ ನಿದ್ರಿಸುತ್ತ, ಮತ್ತೆ ಎಚ್ಚರಗೊಳ್ಳುತ್ತ ಬಂದಿದೆ. ಅಂದು ಹೋದದ್ದು ಒಂದು ಇಲಿಯ ಪ್ರಾಣ. ಅನಂತರ ಜಗತ್ತಿನಾದ್ಯಂತ ನಡೆದ ಎಷ್ಟೋ ಪರೀಕ್ಷೆಗಳಲ್ಲಿ, ಮೊದಲ ಬಾಗಿಲಲ್ಲೇ ಸೋತ ವಸ್ತುಗಳು ಮೊಲದ ಮೈಯವರೆಗೆ ಹೋಗಲೇ ಇಲ್ಲ.

ನಾವು ಕುಳಿತಿರುವ ಈ ಬೆಟ್ಟದಿಂದ ಇಳಿದು ಪುಣೆಯ ಕಡೆಗೆ ಹೋದರೆ, ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವಿದೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಸಂಸ್ಥೆ ಅದು. ದೇಶದ ಜೀವಕೋಶ ಭಂಡಾರ ಅಲ್ಲಿದೆ. ಬಸದಿಗಳ ಶಾಸ್ತ್ರಭಂಡಾರದಲ್ಲಿ ತಾಳೆಗರಿಗಳನ್ನು ಕಾಪಿಟ್ಟಂತೆ ಅಲ್ಲಿ ಜೀವಕೋಶ ಸಂತತಿಗಳನ್ನು ದ್ರವ ಸಾರಜನಕದ ಕಡುಶೈತ್ಯದಲ್ಲಿ ಕಾಪಿಟ್ಟು, ದೇಶದ ಪ್ರಯೋಗಾಲಯಗಳಿಗೆ ಹಂಚುತ್ತಾರೆ. ಪುಣೆಯಲ್ಲಿ ಎಷ್ಟೋ ವರ್ಷಗಳಿಂದ ನೆಲೆಸಿರುವ ನಮ್ಮವರಲ್ಲಿ ಆ ಸಂಸ್ಥೆಯ ಹೆಸರು ಕೇಳಿದವರು ಎಷ್ಟು ಮಂದಿ ಎಂಬುದನ್ನು ನೀವೇ ಯೋಚಿಸಿ.

ಇಲ್ಲಿಗೇ ನಿಲ್ಲಿಸಿದರೆ ನನ್ನ ಭಾಷಣ ಸುಖವಾಗಿ ಮುಗಿಯುತ್ತಿತ್ತು. ಆದರೆ ಜಮಾ ಬರೆದವನು ಖರ್ಚನ್ನೂ ಬರೆಯಬೇಕು. ಆ ಜೀವಕೋಶಗಳು ಬರಿಯ ಉಪ್ಪು, ಸಕ್ಕರೆ, ಜೀವಸತ್ವಗಳ ನೀರಿನಲ್ಲಿ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಪೋಷಕ ದ್ರವಕ್ಕೆ ರೂಢಿಯಂತೆ ನೂರಕ್ಕೆ ಹತ್ತು ಪಾಲು ಸೀರಮ್ ಸೇರಿಸುತ್ತಾರೆ. ಆ ಸೀರಮ್ ಹುಟ್ಟದ ಕರುವಿನ ರಕ್ತದಿಂದ ತೆಗೆದದ್ದು. ಕಸಾಯಿಖಾನೆಯಲ್ಲಿ ಕೊಂದ ಗಬ್ಬದ ಹಸುವಿನ ಹೊಟ್ಟೆಯಿಂದ ಕರುವನ್ನು ಹೊರತೆಗೆದು, ಅದರ ಹೃದಯಕ್ಕೆ ಸೂಜಿ ಚುಚ್ಚಿ ರಕ್ತ ಹೀರುತ್ತಾರೆ. ಮಾತೆಯರು, ಮಕ್ಕಳು ಇರುವ ಸಭೆಯಲ್ಲಿ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಹೇಳದೆ ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬ ಮುದ್ರೆಯ ಹಿಂದೆ ಈ ಸಾಲು ಅಡಗಿರಬಹುದು.

ಸೀರಮನ್ನು ಬಿಡಲು ವಿಜ್ಞಾನಿಗಳಿಗೆ ಮನಸ್ಸಿಲ್ಲವೆಂದಲ್ಲ. ಬೆಳವಣಿಗೆಗೆ ಬೇಕಾದ ಅನೇಕ ಅಂಶಗಳು ಅದರಲ್ಲಿ ಒಟ್ಟಿಗೇ ಇವೆ. ಅದಲ್ಲದೆ, ನೀರಿನಲ್ಲಿ ಕರಗುವ ಮತ್ತು ಕೊಬ್ಬಿನಲ್ಲಿ ಕರಗುವ ಎರಡೂ ಬಗೆಯ ವಸ್ತುಗಳನ್ನು ಪ್ಲಾಸ್ಟಿಕ್ಕಿನಿಂದ ಹೊರಗೆಳೆಯುವ ಗುಣ ಸೀರಮ್ ಇರುವ ದ್ರವಕ್ಕಿದೆ. ಪರ್ಯಾಯಗಳು ಇವೆ. ಪ್ರತಿಯೊಂದು ಅಂಶವೂ ನಿಗದಿಯಾದ, ಸೀರಮ್ ಇಲ್ಲದ ಪೋಷಕ ದ್ರವಗಳು ಒಂದು. ಮನುಷ್ಯರು ದಾನಮಾಡಿದ ರಕ್ತದ ಪ್ಲೇಟ್‌ಲೆಟ್‌ಗಳಿಂದ ಮಾಡುವ ದ್ರವ ಇನ್ನೊಂದು. ಪ್ಲೇಟ್‌ಲೆಟ್‌ಗಳ ಆಯುಷ್ಯ ಸಾಮಾನ್ಯವಾಗಿ ಐದು ದಿನ. ಅವಧಿ ಮೀರಿ ರೋಗಿಗೆ ಕೊಡಲಾಗದ್ದನ್ನು ಚೆಲ್ಲುವ ಬದಲು ಜೀವಕೋಶಗಳಿಗೆ ಆಹಾರವಾಗಿ ಸಂಸ್ಕರಿಸಬಹುದು. ಮಹಾವೀರ ಜಯಂತಿಯಂದು ರಕ್ತದಾನ ಶಿಬಿರ ನಡೆಸುವ ನಮ್ಮ ಯುವಕರು ಈ ಮಾತನ್ನು ಗಮನಿಸಬೇಕು. ಆದರೆ ಹೊಸ ದ್ರವಕ್ಕೆ ಬದಲಾಯಿಸಬೇಕಾದರೆ ಹಳೆಯದರ ಫಲಿತಾಂಶದೊಂದಿಗೆ ಅದು ಹೊಂದುತ್ತದೆಯೆಂದು ಪ್ರತಿ ಪ್ರಯೋಗಾಲಯವೂ ಸಾಬೀತುಪಡಿಸಬೇಕು. ಅದಕ್ಕೆ ಹಣ, ವೇಳೆ ಎರಡೂ ಬೇಕು. ಹಣ ಕೊಡುವವರು ಯಾರು ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ.

ಈ ಸಂಗತಿಯ ಮುಂದೆ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಕಂಡಿದ್ದೇನೆ. ‘ಇವೆಲ್ಲ ಹಿಂಸೆ, ನಮಗೆ ಬೇಡ’ ಎನ್ನುವವರು ಕೆಲವರು. ಅವರ ತಂದೆಗೆ ಎದೆನೋವು ಬಂದ ರಾತ್ರಿ ಸ್ಟೆಂಟ್ ಬೇಡವೆನ್ನುವುದಿಲ್ಲ, ಎನ್ನಲೂಬಾರದು. ‘ವಿಜ್ಞಾನದಲ್ಲಿ ಇದೆಲ್ಲ ಇದ್ದದ್ದೇ, ಕೇಳಬಾರದು’ ಎನ್ನುವವರು ಇನ್ನು ಕೆಲವರು. ಇಬ್ಬರೂ ಲೆಕ್ಕವನ್ನು ಬರೆಯುವುದೇ ಇಲ್ಲ. ನಮ್ಮ ಆಚಾರ್ಯರು ಹಿಂಸೆಯನ್ನು ಹಾಗೆ ಒಂದೇ ಮೂಟೆಯಾಗಿ ಕಟ್ಟಲಿಲ್ಲ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದರು. ಗೃಹಸ್ಥನು ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕು ಎಂದರು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳ ತಾರತಮ್ಯವನ್ನೂ ಹೇಳಿದರು. ತಟ್ಟೆಯ ಜೀವಕೋಶ, ಮೊಲ, ಗರ್ಭದ ಕರು ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಜೈನ ವಿವೇಕವಲ್ಲ.

ಅವರು ಹೇಳಿದ ಇನ್ನೊಂದು ಮಾತು ಖರೀದಿ ಸಮಿತಿಗಳಿಗೇ ಹೇಳಿದಂತಿದೆ. ಕರ್ಮ ಮೂರು ದಾರಿಯಿಂದ ಬರುತ್ತದೆ: ಕೃತ, ಕಾರಿತ, ಅನುಮೋದಿತ. ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿ ಸಹಿ ಹಾಕಿದ್ದು. ಬಿಲ್ಲಿಗೆ ಸಹಿ ಮಾಡುವ ಟ್ರಸ್ಟಿ ಮೊಲವನ್ನು ಮುಟ್ಟಿಲ್ಲ, ಕ್ಯಾಥೆಟರಿನಲ್ಲಿ ವಿಷ ಬೆರೆಸಿಲ್ಲ. ಆದರೆ ಓದದೆ ಹಾಕಿದ ಸಹಿ ಅನುಮೋದನೆಯೇ. ಜಿಲೇಟಿನ್ ಕ್ಯಾಪ್ಸೂಲಿನಲ್ಲಿ ಏನಿದೆಯೆಂದು ನಾವು ವರ್ಷಗಟ್ಟಲೆ ಚರ್ಚಿಸಿದ್ದೇವೆ, ಅದು ಸರಿಯೇ. ವಸ್ತುವಿನೊಳಗೆ ಏನಿದೆ ಎಂಬಷ್ಟೇ ಮುಖ್ಯವಾಗಿ ಅದನ್ನು ಯಾರ ಮೈಮೇಲೆ ಪರೀಕ್ಷಿಸಿದರು, ಪರೀಕ್ಷಿಸದೆ ಬಿಟ್ಟು ಯಾವ ಬಡವನ ಮೈಯನ್ನೇ ಪ್ರಯೋಗಾಲಯ ಮಾಡಿದರು ಎಂಬ ಪ್ರಶ್ನೆಯೂ ಅಹಿಂಸೆಯದೇ. ಔಷಧದಾನ ಮತ್ತು ಅಭಯದಾನ ಎರಡೂ ಒಂದೇ ತಟ್ಟೆಯಲ್ಲಿ ಎದುರಾಗುವ ಜಾಗ ಇದು.

ಪ್ರಾಣಿಪ್ರಯೋಗ ನಾಳೆಯೇ ನಿಲ್ಲುತ್ತದೆಯೆಂದು ನಾನು ಹೇಳುತ್ತಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಉದಾಹರಣೆ ನೋಡಿ. ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಅಲ್ಲಿ ನಮ್ಮ ದೇಶದ್ದೇ ಹೃದಯಕವಾಟ ಸಿದ್ಧವಾಯಿತು. ಅನಂತರ ಮಣಿಪಾಲದ ಉಪಕುಲಪತಿಯಾಗಿದ್ದ ಅವರು ಕನ್ನಡಿಗರಿಗೆ ಪರಿಚಿತರು. ಹಲವು ಮಾದರಿಗಳು ವಿಫಲವಾದ ಮೇಲೆ, ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಪಾಲಿಎಥಿಲೀನಿನ ಬಿಲ್ಲೆ, ಪಾಲಿಯೆಸ್ಟರಿನ ಹೊಲಿಗೆಯಂಚು ಇರುವ ಮಾದರಿಯನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದರು. ಅದಕ್ಕೆ ಮೊದಲು ಕುರಿಗಳ ಮೇಲೆ ಪ್ರಯೋಗ ನಡೆದಿತ್ತು. ಬಡಿಯುವ ಹೃದಯದಲ್ಲಿ ಬಿಲ್ಲೆ ಹೇಗೆ ತಿರುಗುತ್ತದೆಂದು ತಟ್ಟೆಯ ಜೀವಕೋಶ ಹೇಳಲಾರದು. ಆದರೆ ಆ ಬಿಲ್ಲೆಗೆ ಯಾವ ಪ್ಲಾಸ್ಟಿಕ್ ಬೇಡ ಎಂದು ಅದು ಮೊದಲೇ ಹೇಳಬಲ್ಲದು. ಕುರಿಗಳ ಸಂಖ್ಯೆ ಕಡಿಮೆಯಾಗುವುದು ಅಲ್ಲಿ.

ಈಗ ಸರ್ಕಾರದ ಪಾಲು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೆಯ ಕಲಮು, ಸಾಧ್ಯವಿದ್ದಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬುದನ್ನೂ, ಸಣ್ಣ ಪ್ರಾಣಿಯಿಂದ ಸಿಗುವ ಫಲಕ್ಕೆ ದೊಡ್ಡ ಪ್ರಾಣಿಯನ್ನು ಬಳಸಬಾರದೆಂಬುದನ್ನೂ ಹೇಳುತ್ತದೆ. ಸೌಂದರ್ಯವರ್ಧಕಗಳ ಪ್ರಾಣಿಪರೀಕ್ಷೆ 2014ರಲ್ಲಿ ನಿಷೇಧವಾಯಿತು. 2023ರ ಮಾರ್ಚಿನಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಜೀವಕೋಶ ಆಧಾರಿತ ಪರೀಕ್ಷೆಗಳಂಥ ಪ್ರಾಣಿರಹಿತ ವಿಧಾನಗಳನ್ನೂ ಒಪ್ಪಲಾಯಿತು. ಇವೆಲ್ಲ ಶ್ಲಾಘನೀಯ. ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. ಅಪಾಯದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾದವು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ನಿಯಂತ್ರಣದ ವ್ಯಾಪ್ತಿಗೆ ಸೇರಿದವು. ತಯಾರಕರು ಸಲ್ಲಿಸುವ ಮೂಲ ಕಡತದಲ್ಲಿ ಜೈವಿಕ ಹೊಂದಾಣಿಕೆಯ ಮಾಹಿತಿ ಇರಬೇಕೆಂದು ನಿಯಮದಲ್ಲೇ ಇದೆ.

ಆದರೆ ಆ ಕಡತ ತಯಾರಕನ ಮತ್ತು ಅಧಿಕಾರಿಯ ನಡುವೆಯೇ ಉಳಿಯುತ್ತದೆ. ಪಟ್ಟಿಯಲ್ಲಿರುವ ಕಂಪನಿ ತನ್ನ ಲಾಭನಷ್ಟವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಅದೇ ಕಂಪನಿ ನನ್ನ ಮೈಯೊಳಗೆ ಇಡುವ ವಸ್ತುವಿನ ಪರೀಕ್ಷೆಯ ಸಾರಾಂಶವನ್ನು ಪ್ರಕಟಿಸಬೇಕಾಗಿಲ್ಲ. ಹೂಡಿಕೆದಾರನಿಗಿರುವ ಹಕ್ಕು ರೋಗಿಗಿಲ್ಲ. 2017ರಲ್ಲಿ ಸ್ಟೆಂಟಿನ ಬೆಲೆಗೆ ಮಿತಿ ಹಾಕಿದ ಸರ್ಕಾರ, ಅದೇ ದೃಢತೆಯಿಂದ ಪರೀಕ್ಷೆಯ ಒಂದು ಪುಟದ ಸಾರಾಂಶವನ್ನೂ ಸಾರ್ವಜನಿಕಗೊಳಿಸಬಹುದು. ಅತಿ ಕಡಿಮೆ ದರವೊಂದನ್ನೇ ನೋಡುವ ಟೆಂಡರ್ ಪದ್ಧತಿ ಒಳ್ಳೆಯ ತಯಾರಕನನ್ನು ಶಿಕ್ಷಿಸುತ್ತದೆ. ಗೋವಿನ ಹೆಸರಿನಲ್ಲಿ ಚುನಾವಣಾ ಭಾಷಣ ಮಾಡುವ ಯಾವ ಪಕ್ಷದ ನಾಯಕರೂ ಗರ್ಭದ ಕರುವಿನ ಸೀರಮ್‌ಗೆ ಪರ್ಯಾಯ ಹುಡುಕಲು ಅನುದಾನ ಕೊಡುತ್ತೇವೆಂದದ್ದನ್ನು ನಾನು ಕೇಳಿಲ್ಲ. ಆ ಪ್ರಶ್ನೆಯನ್ನು ಅವರಿಗೆ ಕೇಳಲು ನಮ್ಮ ಸಮಾಜಕ್ಕಿಂತ ಹೆಚ್ಚಿನ ಅಧಿಕಾರ ಯಾರಿಗಿದೆ?

ಕೇಳುವ ಮೊದಲು ನಮ್ಮ ಮನೆಯಲ್ಲಿ ಮಾಡಬೇಕಾದದ್ದು ಮೂರು.

ಮೊದಲನೆಯದು, ನಮ್ಮ ಸಮಾಜದ ಪ್ರತಿ ಆಸ್ಪತ್ರೆ ಮತ್ತು ಶಿಬಿರದ ಖರೀದಿ ಷರತ್ತಿಗೆ ಎರಡು ಸಾಲು ಸೇರಿಸಬೇಕು. ಸಿದ್ಧ ಸಾಧನದ ಜೀವಕೋಶ ವಿಷಪರೀಕ್ಷೆಯ ವರದಿ ಕೊಡಬೇಕು ಎಂಬುದು ಒಂದು ಸಾಲು. ಪ್ರಾಣಿಪ್ರಯೋಗ ಮಾಡಿದ್ದರೆ ಅದಕ್ಕೆ ಪರ್ಯಾಯವಿರಲಿಲ್ಲವೇ ಎಂದು ತಿಳಿಸಬೇಕು ಎಂಬುದು ಇನ್ನೊಂದು. ಚರ್ಮದ ಉರಿಯ ಪರೀಕ್ಷೆಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮದ ಮಾದರಿಯನ್ನು ಬಳಸುವ ಮಾನದಂಡ 2021ರಲ್ಲೇ ಬಂದಿದೆ. ಇನ್ನೂ ಮೊಲವನ್ನೇ ಹಿಡಿಯುತ್ತಿದ್ದರೆ ಏಕೆ ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ. ಒಂದು ಆಸ್ಪತ್ರೆ ಕೇಳಿದರೆ ಮಾರಾಟಗಾರ ನಗಬಹುದು. ಐವತ್ತು ಆಸ್ಪತ್ರೆಗಳು ಒಂದೇ ಷರತ್ತು ಹಾಕಿದರೆ ವರದಿ ತರುತ್ತಾನೆ.

ಎರಡನೆಯದು ಹಣದ ಮಾತು. ಕಂಪನಿ ಕಾಯ್ದೆ 2013ರ 135ನೆಯ ಕಲಮಿನ ಪ್ರಕಾರ ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ನೂರಕ್ಕೆ ಎರಡರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಆ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣವೂ ಇದೆ, ಸರ್ಕಾರಿ ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಪ್ರಯೋಗಾಲಯಗಳ ಸಂಶೋಧನೆಗೆ ನೆರವೂ ಇದೆ. ನಮ್ಮ ಉದ್ಯಮಿಗಳು ಗೋಶಾಲೆಗೆ, ಪಾಂಜರಪೋಳಕ್ಕೆ ಉದಾರವಾಗಿ ಕೊಡುತ್ತಾರೆ, ಕೊಡುತ್ತಿರಲಿ. ಅದರ ಒಂದು ಪಾಲು ಸೀರಮ್ ಇಲ್ಲದ ಪೋಷಕ ದ್ರವದ ಸಂಶೋಧನೆಗೆ ಹೋದರೆ, ಅದೂ ಹಸುವಿನ ರಕ್ಷಣೆಯೇ. ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿದ ಮೇಲೆ, ಬಸದಿ ಮತ್ತು ಉತ್ಸವಗಳಿಗೆ ಹೋಗುತ್ತಿದ್ದ ದಾನದ ಒಂದು ಪಾಲನ್ನು ಹಿರಿಯರು ವಿದ್ಯಾರ್ಥಿನಿಲಯಗಳ ಕಡೆಗೆ ತಿರುಗಿಸಿದರು. ಇಲ್ಲಿರುವ ಎಷ್ಟೋ ಕುಟುಂಬಗಳು ಆ ಬೋರ್ಡಿಂಗುಗಳ ಅನ್ನ ಉಂಡು ಓದಿದವು. ಅವರು ದಾನದ ಖಾತೆಯಲ್ಲಿ ಹೊಸದೊಂದು ಶೀರ್ಷಿಕೆ ತೆರೆದರು. ನಮ್ಮ ತಲೆಮಾರು ಇನ್ನೊಂದನ್ನು ತೆರೆಯಲಿ.

ಮೂರನೆಯದು ಮಕ್ಕಳ ಮಾತು. ಜೀವಶಾಸ್ತ್ರ ಓದಿದರೆ ಕಪ್ಪೆ ಕೊಯ್ಯಬೇಕು, ಇಲಿ ಕ��ಲ್ಲಬೇಕು ಎಂಬ ಭಯದಿಂದ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ವಾಣಿಜ್ಯಕ್ಕೆ ಕಳಿಸುವ ರೂಢಿಯಿದೆ. ನನ್ನ ವೃತ್ತಿಗೆ ಅದರಿಂದ ಲಾಭವಾಗಿದೆ ಎನ್ನಬಹುದು. ಆದರೆ ಪ್ರಾಣಿಯಿಲ್ಲದ ಪರೀಕ್ಷೆಗಳನ್ನು ಕಂಡುಹಿಡಿಯುವ ಕೆಲಸಕ್ಕೆ ಅಹಿಂಸೆಯನ್ನು ಎದೆಯಲ್ಲಿಟ್ಟುಕೊಂಡವರೇ ಹೋಗದಿದ್ದರೆ ಇನ್ನಾರು ಹೋಗಬೇಕು? ಜೀವಕೋಶ ವಿಜ್ಞಾನ ಓದಬೇಕೆನ್ನುವ ಮಗುವನ್ನು ತಡೆಯಬೇಡಿ. ಅದಕ್ಕೆ ವಿದ್ಯಾರ್ಥಿವೇತನ ಕೊಡಿ.

ಈ ಕೂಟ ಮುಗಿಯುವ ಮೊದಲು ಖರೀದಿ ಷರತ್ತಿನ ಎರಡು ಸಾಲುಗಳನ್ನು ಠರಾವಾಗಿ ಅಂಗೀಕರಿಸಿ, ನಿಮ್ಮ ನಿಮ್ಮ ಊರಿನ ಟ್ರಸ್ಟುಗಳಿಗೆ ಒಯ್ಯಬೇಕೆಂದು ವಿನಂತಿಸುತ್ತೇನೆ. ಕರಡನ್ನು ಬರೆದು ತಂದಿದ್ದೇನೆ. ತಿದ್ದುಪಡಿ ಸೂಚಿಸುವವರು ಊಟದ ವೇಳೆಯಲ್ಲಿ ನನ್ನನ್ನು ಕಾಣಬಹುದು.